ಸುಟ್ಟ ಕಾಮ, ಮೀನಿನ ಹೊಟ್ಟೆ ಮತ್ತು ನಮ್ಮ ಮನೆ ಯುಗಾದಿ

ಫೀನಿಕ್ಸ್ ಹಕ್ಕಿಯ ಮೇಲೆ ನನಗೆ ಒಂದು ತಕರಾರಿದೆ. ಮರುಹುಟ್ಟು, ಹೊಸ ಬದುಕು ಅಂತ ಯಾರು ಬಾಯಿ ಬಿಟ್ಟರೂ ಹಿಂದೆ ಆ ಹಕ್ಕಿಯ ಚಿತ್ರ ಇದ್ದೇ ಇರುತ್ತದೆ. ಜಿಮ್ಮಿನ ಬೋರ್ಡಿನಲ್ಲಿ, ತೋಳಿನ ಟ್ಯಾಟೂದಲ್ಲಿ, ಬ್ರೇಕಪ್ ಆದವರ ಸ್ಟೇಟಸ್ಸಿನಲ್ಲಿ. ಗ್ರೀಕರ ಕತೆಯ ಆ ಹಕ್ಕಿ ತಾನೇ ಉರಿದು, ತನ್ನ ಬೂದಿಯಿಂದ ತಾನೇ ಎದ್ದು ಹಾರಿಹೋಗುತ್ತದೆ. ಯಾರ ಹಂಗೂ ಇಲ್ಲ. ನೋಡೋಕೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ನನಗೆ ಗೊತ್ತಿರುವ ಯಾರೂ ಹಾಗೆ ಎದ್ದು ಬಂದಿಲ್ಲ. ಬಿದ್ದವರನ್ನು ಯಾರೋ ಎತ್ತಿದ್ದಾರೆ, ಊಟ ಹಾಕಿದ್ದಾರೆ, ಬೈದಿದ್ದಾರೆ, ಆಮೇಲೆ ನಿಧಾನಕ್ಕೆ ಎದ್ದಿದ್ದಾರೆ.

ನಮ್ಮಲ್ಲೇ ಒಂದು ಬೂದಿಯ ಕತೆ ಇದೆಯಲ್ಲ, ಕಾಮನದ್ದು. ಇವತ್ತಿನ ವಿಡಿಯೋ ಅದರ ಬಗ್ಗೆ, ಮತ್ತೆ ಕಾಮನ ಹುಣ್ಣಿಮೆಯಿಂದ ಯುಗಾದಿಯವರೆಗೆ ನಾನು ಮಾಡುವ ಒಂದು ಸಣ್ಣ ಆಚರಣೆಯ ಬಗ್ಗೆ.

ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಬೇಲೂರು. ನಮ್ಮ ಚಿಕ್ಕಮಗಳೂರಿಂದ ದೂರವೇನಿಲ್ಲ. ಕ್ಯಾಮೆರಾ ಅಲ್ಲಾಡುತ್ತಿದೆ, ಕೈಯಲ್ಲೇ ಹಿಡಿದು ತೆಗೆದದ್ದು, ಸಹಿಸಿಕೊಳ್ಳಿ. ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ. ಇಲ್ಲಿಗೆ ಬಂದವರೆಲ್ಲ ಕತ್ತೆತ್ತಿ ಶಿಲಾಬಾಲಿಕೆಯರನ್ನು ನೋಡುತ್ತಾರೆ, ಗೈಡ್ ದರ್ಪಣಸುಂದರಿಯನ್ನು ತೋರಿಸಿದ ತಕ್ಷಣ ಎಲ್ಲರ ಫೋನೂ ಮೇಲೇಳುತ್ತದೆ, ಆಮೇಲೆ ಹಾಗೇ ಪೂರ್ವದ ಬಾಗಿಲು ದಾಟಿ ಒಳಗೆ ಹೋಗಿಬಿಡುತ್ತಾರೆ. ಆ ಬಾಗಿಲಿನ ಎರಡೂ ಪಕ್ಕ ನಿಂತಿರುವವರು ಯಾರು ಗೊತ್ತಾ? ಒಂದು ಕಡೆ ಮನ್ಮಥ, ಇನ್ನೊಂದು ಕಡೆ ರತಿ. ಗಂಡ ಹೆಂಡತಿ ನಡುವೆ ಒಂದು ಬಾಗಿಲಷ್ಟು ದೂರ. ಶಿಲ್ಪಿ ಬೇಕೆಂದೇ ಹಾಗೆ ಮಾಡಿದನೋ, ಬಾಗಿಲವಾಡಕ್ಕೆ ಜೋಡಿ ಬೇಕು ಅಂತ ಮಾಡಿದನೋ, ನನಗಂತೂ ಅವರ ಪೂರ್ತಿ ಕತೆ ಆ ದೂರದಲ್ಲೇ ಇದೆ ಅನಿಸುತ್ತದೆ.

ಕತೆಯ ಮೊದಲ ಅರ್ಧ ಎಲ್ಲರಿಗೂ ಗೊತ್ತು. ತಾರಕಾಸುರನ ಕಾಟ ತಡೆಯೋಕೆ ಆಗಲ್ಲ, ಅವನನ್ನು ಕೊಲ್ಲೋಕೆ ಶಿವನಿಗೆ ಹುಟ್ಟುವ ಮಗನೇ ಬೇಕು, ಶಿವ ನೋಡಿದರೆ ಕಣ್ಣು ಮುಚ್ಚಿ ತಪಸ್ಸಿಗೆ ಕೂತಿದ್ದಾನೆ. ದೇವತೆಗಳು ಕಾಮನನ್ನು ಕಳಿಸುತ್ತಾರೆ. ಅವನ ಬಿಲ್ಲು ಕಬ್ಬಿನದು, ಹೆದೆ ದುಂಬಿಗಳ ಸಾಲು, ಬಾಣಗಳೋ ಹೂವು, ಅದರಲ್ಲಿ ಮಾವಿನ ಹೂವೂ ಒಂದು. ಜೊತೆಗೆ ಗೆಳೆಯ ವಸಂತ ಬರುತ್ತಾನೆ. ಕಾಲವಲ್ಲದ ಕಾಲದಲ್ಲಿ ಕಾಡೆಲ್ಲ ಹೂವಾಗುತ್ತದೆ. ಶಿವನ ಮೂರನೇ ಕಣ್ಣು ತೆರೆಯುತ್ತದೆ, ಕಾಮ ಬೂದಿ. ನಾವು ಕಾಮನ ಹುಣ್ಣಿಮೆಗೆ ಸೌದೆ ಒಟ್ಟಿ ಬೆಂಕಿ ಹಾಕುವುದು ಇದಕ್ಕೇ. ಚಿಕ್ಕವರಿದ್ದಾಗ ಮನೆಮನೆಯಿಂದ ಬೆರಣಿ ಕದ್ದು ತಂದು "ಕಾಮಣ್ಣನ ಮಕ್ಕಳು" ಅಂತ ಕೂಗುತ್ತಿದ್ದೆವು. ಮುಂದಿನ ಸಾಲು ಇಲ್ಲಿ ಹೇಳೋಕಾಗಲ್ಲ, ಗೊತ್ತಿರುವವರಿಗೆ ಗೊತ್ತು.

ಎರಡನೇ ಅರ್ಧ ಮಾತ್ರ ಯಾರೂ ಜಾಸ್ತಿ ಹೇಳಲ್ಲ. ಭಾಗವತದಲ್ಲಿದೆ. ಕಾಮ ಮತ್ತೆ ಹುಟ್ಟುತ್ತಾನೆ, ಕೃಷ್ಣ ರುಕ್ಮಿಣಿಯರ ಮಗ ಪ್ರದ್ಯುಮ್ನನಾಗಿ. ಮುಗಿಯಿತು ಅಂದುಕೊಂಡರೆ ಇಲ್ಲ. ಹುಟ್ಟಿ ಹತ್ತು ದಿನವೂ ಆಗಿರಲ್ಲ, ಶಂಬರ ಅನ್ನುವ ಅಸುರ ಮಗುವನ್ನು ಕದ್ದು ಸಮುದ್ರಕ್ಕೆ ಎಸೆಯುತ್ತಾನೆ. ಒಂದು ದೊಡ್ಡ ಮೀನು ನುಂಗುತ್ತದೆ. ಆ ಮೀನು ಬೆಸ್ತರ ಬಲೆಗೆ ಬೀಳುತ್ತದೆ, ಅವರು ಅದನ್ನು ತಂದು ಕೊಡುವುದು ಅದೇ ಶಂಬರನಿಗೆ! ಅಡುಗೆಯವರು ಮೀನು ಕೊಯ್ದರೆ ಒಳಗೆ ಮಗು. ಆ ಅಡುಗೆಮನೆಯಲ್ಲಿ ಮಾಯಾವತಿ ಅಂತ ಒಬ್ಬಳು ಇರುತ್ತಾಳೆ, ಅನ್ನ ಸಾರು ಮಾಡಿಸುವುದು ಅವಳ ಕೆಲಸ. ಅವಳೇ ರತಿ. ಗಂಡ ಮತ್ತೆ ಮೈ ತಳೆದು ಬರಲಿ ಅಂತ ಕಾಯುತ್ತಿದ್ದಾಳೆ, ಕಾಯುತ್ತಾ ಕಾಯುತ್ತಾ ಶತ್ರುವಿನ ಮನೆಯಲ್ಲಿ ಒಲೆ ಮುಂದೆ ಇದ್ದಾಳೆ.

ಮಗು ಯಾರು ಅಂತ ನಾರದ ಅವಳಿಗೆ ಹೇಳುತ್ತಾನೆ. ಸಾಕಿ ದೊಡ್ಡವನನ್ನಾಗಿ ಮಾಡುತ್ತಾಳೆ. ಅವನಿಗೆ ಏನೂ ನೆನಪಿಲ್ಲ. ಅವಳ ನೋಟ ನೋಡಿ ಒಂದು ದಿನ ಕೇಳಿಯೇ ಬಿಡುತ್ತಾನೆ, ಏನಮ್ಮಾ ಇದು, ತಾಯಿ ನೋಡುವ ಹಾಗಿಲ್ಲವಲ್ಲ ಅಂತ. ಆಗ ಅವಳು ಎಲ್ಲ ಹೇಳುತ್ತಾಳೆ. ಶಂಬರನ ಮಾಯೆಗಳನ್ನು ಮುರಿಯುವ ವಿದ್ಯೆಯನ್ನೂ ಅವಳೇ ಕಲಿಸುತ್ತಾಳೆ. ಅವನು ಶಂಬರನನ್ನು ಕೊಂದು ದ್ವಾರಕೆಗೆ ಹೋದರೆ ಅಲ್ಲಿ ಹೆಂಗಸರೆಲ್ಲ ಅವನನ್ನು ಕೃಷ್ಣ ಅಂದುಕೊಂಡು ನಾಚಿ ಮರೆಗೆ ಸರಿಯುತ್ತಾರೆ. ಹೆತ್ತ ತಾಯಿ ರುಕ್ಮಿಣಿಗೆ ಮಾತ್ರ ಒಳಗೊಳಗೇ ಏನೋ ಆಗುತ್ತದೆ.

ಈ ಕತೆ ನನಗೆ ಫೀನಿಕ್ಸಿಗಿಂತ ಹತ್ತಿರ. ಇಲ್ಲಿ ಸತ್ತವನು ತಾನಾಗಿ ಎದ್ದು ಬರಲ್ಲ. ಬೆಸ್ತರು, ಅಡುಗೆಯವರು, ಕಾದು ಕೂತ ಒಬ್ಬಳು, ಇಷ್ಟು ಜನ ಸೇರಿ ಅವನನ್ನು ಮತ್ತೆ ಮನುಷ್ಯರ ನಡುವೆ ತರುತ್ತಾರೆ. ಅದೂ ಅವಸರದಲ್ಲಿ ಅಲ್ಲ, ಅವನು ಬೆಳೆಯುವಷ್ಟು ವರ್ಷ ಹಿಡಿಯುತ್ತದೆ. ಮತ್ತೆ ಈ ಕತೆಯಲ್ಲಿ ಕೆಲಸ ಜಾಸ್ತಿ ಮಾಡಿದವಳು ರತಿ, ಹಬ್ಬ ಮಾತ್ರ ಕಾಮನ ಹೆಸರಿನಲ್ಲಿ! ನಮ್ಮ ಅಜ್ಜಿಗೆ ಇದನ್ನು ಹೇಳಿದರೆ "ಅದೇನು ಹೊಸದಾ?" ಅಂದರು.

ಸರಿ, ಆಚರಣೆಗೆ ಬರೋಣ. ಕಾಮನ ಹುಣ್ಣಿಮೆ ಫಾಲ್ಗುಣದ್ದು. ಅಲ್ಲಿಂದ ಅಮಾವಾಸ್ಯೆ ಕಳೆದ ಮಾರನೇ ದಿನ ಚೈತ್ರ ಶುದ್ಧ ಪಾಡ್ಯ, ಯುಗಾದಿ. ಅಂದರೆ ನಡುವಿನ ಹದಿನೈದು ದಿನ ಹಳೆ ವರ್ಷದ ಬಾಲ. ಕಾಮ ಸುಟ್ಟು ಹೋಗಿದ್ದಾನೆ, ಹೊಸ ವರ್ಷ ಬಂದಿಲ್ಲ. ಈ ಹದಿನೈದು ದಿನ ನಾನು ಹೊಸದೇನನ್ನೂ ಶುರು ಮಾಡಲ್ಲ. ಬಟ್ಟೆ ಕೊಳ್ಳಲ್ಲ, ಹೊಸ ಪ್ಲಾನ್ ಹಾಕಲ್ಲ, ಇನ್ನು ಮೇಲೆ ಬೆಳಿಗ್ಗೆ ಐದಕ್ಕೆ ಏಳುತ್ತೇನೆ ಅಂತ ಯಾರಿಗೂ ಮಾತು ಕೊಡಲ್ಲ. ಬೇಡದ್ದನ್ನು ಚೀಟಿಯಲ್ಲಿ ಬರೆದು ಬೆಂಕಿಗೆ ಹಾಕುವುದು ಈಗ ರೀಲ್ಸ್‌ನಲ್ಲಿ ಓಡುತ್ತಿದೆ, ಅದನ್ನೂ ಮಾಡಲ್ಲ. ಚೀಟಿ ಸುಟ್ಟರೆ ಚೀಟಿ ಹೋಗುತ್ತದೆ ಅಷ್ಟೇ. ಬೆಂಕಿಗೆ ನಮ್ಮ ಮನೆಯಿಂದ ಹೋಗುವುದು ತೋಟದಲ್ಲಿ ಸವರಿದ ಒಣ ರೆಂಬೆ ಮತ್ತು ಸವೆದ ಪೊರಕೆ.

ಮಾಡುವುದು ಒಂದೇ, ಬಾಕಿ ತೀರಿಸುವುದು. ಪಕ್ಕದ ಮನೆ ಅತ್ತೆ ಹಲಸಿನ ಹಪ್ಪಳ ಹಾಕಿ ಕೊಟ್ಟ ಸ್ಟೀಲ್ ಡಬ್ಬಿ ವಾಪಸ್ಸು. ಖಾಲಿ ಡಬ್ಬಿ ಕೊಡುವ ಹಾಗಿಲ್ಲ, ಅದಕ್ಕೆ ಒಂದಿಷ್ಟು ಬೆಲ್ಲ. ಗೆಳತಿಯ ಛತ್ರಿ. ಮಾತು ಬಿಟ್ಟವರ ಜೊತೆ ಒಂದು ಫೋನ್ ಕರೆ, ಎತ್ತಿದರೆ ಎತ್ತಲಿ, ಇಲ್ಲದಿದ್ದರೆ ಬಿಡಲಿ. ಆಮೇಲೆ ಅಟ್ಟ ಗುಡಿಸುವುದು, ತಾಮ್ರದ ಹಂಡೆಗೆ ಹುಣಸೆಹಣ್ಣು ಹಾಕಿ ಉಜ್ಜುವುದು. ಮಾರ್ಚ್ ತಿಂಗಳಲ್ಲಿ ಬ್ಯಾಂಕಿನವರೂ ಬಾಕಿ ತೀರಿಸಿ ಅಂತಲೇ ಫೋನ್ ಮಾಡುತ್ತಾರೆ, ಹಾಗಾಗಿ ನನ್ನ ಆಚರಣೆಗೆ ಸರ್ಕಾರದ ಬೆಂಬಲವೂ ಇದೆ.

ಈ ಸುಮ್ಮನಿರುವ ಬುದ್ಧಿ ನನಗೆ ಬಂದದ್ದು ಪುರಾಣದಿಂದಲ್ಲ, ಕಾಫಿ ಗಿಡದಿಂದ. ಈ ಶಾಟ್ ನೋಡಿ. ಇದು ಮಳೆಗೆ ಮುಂಚೆ. ಎಲೆ ಸೊರಗಿ ಜೋತುಬಿದ್ದಿದೆ, ಗೆಣ್ಣುಗಳಲ್ಲಿ ಮೊಗ್ಗು ಕಡ್ಡಿಯ ಹಾಗೆ ಕೂತಿದೆ, ಅರಳಲ್ಲ. ಗಿಡ ಸಾಯುತ್ತಿದೆ ಅಂತ ಹೊರಗಿನವರು ಹೆದರುತ್ತಾರೆ. ಆದರೆ ಆ ಒಣ ತಿಂಗಳುಗಳು ಬೇಕೇ ಬೇಕು. ಚೆನ್ನಾಗಿ ಬಾಯಾರಿದ ಮೊಗ್ಗೇ ಆಮೇಲೆ ಒಟ್ಟಿಗೆ ಅರಳುವುದು. ಮಾರ್ಚ್ ಏಪ್ರಿಲ್ ಹೊತ್ತಿಗೆ ಒಂದು ಇಂಚಿನ ಆಸುಪಾಸು ಹೂ ಮಳೆ ಬಿದ್ದರೆ ಸಾಕು. ನಮ್ಮ ಕಡೆ ಮಳೆಯನ್ನು ಇಂಚು ಸೆಂಟ್ಸ್ (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲೇ ಹೇಳುವುದು, ಬೆಳಿಗ್ಗೆ ಫೋನ್ ಎತ್ತಿದರೆ "ನಿಮ್ಮಲ್ಲಿ ಎಷ್ಟಾಯ್ತು?" ಅನ್ನುವುದೇ ನಮಸ್ಕಾರ. ಮಳೆಯಾಗಿ ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ, ಮಲ್ಲಿಗೆಯಂಥ ವಾಸನೆ ರಸ್ತೆವರೆಗೂ ಬರುತ್ತದೆ, ಜೇನು ಗುಂಯ್ ಅನ್ನುತ್ತದೆ, ಮೂರು ನಾಲ್ಕು ದಿನಕ್ಕೆ ಎಲ್ಲ ಕಂದು. ಆ ಹೂ ಅರಳಿದ ದಿನವೇ ಮತ್ತೆ ಜೋರು ಮಳೆ ಬಂದರೆ ಕಾಯಿ ಕಚ್ಚುವುದು ಕಷ್ಟ. ಎರಡು ಮೂರು ವಾರ ಬಿಟ್ಟು ಬಂದರೆ ಒಳ್ಳೆಯದು, ಅದಕ್ಕೆ ಬ್ಯಾಕಿಂಗ್ ಶವರ್ ಅಂತ ಪ್ಲಾಂಟರ್‌ಗಳು ಕಾಯುತ್ತಾರೆ. ರೋಬಸ್ಟಾ ಇದ್ದವರು ಸ್ಪ್ರಿಂಕ್ಲರ್ ಹಾಕಿ ಮೊದಲೇ ಹೂ ಎಬ್ಬಿಸುತ್ತಾರೆ, ಅರೇಬಿಕಾದವರು ಹೆಚ್ಚಿನವರು ಆಕಾಶ ನೋಡುತ್ತಾರೆ. ನೋಡೋಕೆ ಬರುವವರು ದಯವಿಟ್ಟು ರಸ್ತೆಯಲ್ಲೇ ನಿಂತು ನೋಡಿ. ಸೆಲ್ಫಿಗೆ ಅಂತ ಗಿಡ ಬಗ್ಗಿಸಿದರೆ ಹೋಗುವುದು ಆ ವರ್ಷದ ಫಸಲು.

ಯುಗಾದಿ ಬೆಳಿಗ್ಗೆ ಎಣ್ಣೆ ಸ್ನಾನ. ಅಜ್ಜಿ ಮೊದಲು ನೆಲಕ್ಕೆ ಎಣ್ಣೆ ಬೊಟ್ಟಿಟ್ಟು ಏಳು ಚಿರಂಜೀವಿಗಳ ಹೆಸರು ಹೇಳುತ್ತಾರೆ. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಆಮೇಲೆ ನನ್ನ ನೆತ್ತಿಗೆ ತಟ್ಟುತ್ತಾರೆ, ಪ್ರೀತಿಯಿಂದ ಅಂತ ಅವರು ಅನ್ನುತ್ತಾರೆ, ನನಗೆ ಹೊಡೆದ ಹಾಗೇ ಇರುತ್ತದೆ. ಸಾವಿಲ್ಲದವರ ಹೆಸರು ಹೇಳಿ ನಮಗೆ ಆಯಸ್ಸು ಕೇಳುವುದು. ಆದರೆ ಆ ಪಟ್ಟಿಯ ಮೊದಲ ಹೆಸರೇ ನೋಡಿ. ಅಶ್ವತ್ಥಾಮನಿಗೆ ಸಾಯದೆ ಅಲೆಯುವುದು ಶಾಪ. ಕಾಮ ಸತ್ತ, ಮರೆತ, ಮತ್ತೆ ಮನೆ ಸೇರಿದ. ಇವನು ಸಾಯಲೂ ಇಲ್ಲ, ಮರೆಯಲೂ ಇಲ್ಲ. ಇಬ್ಬರಲ್ಲಿ ಯಾರ ಪಾಡು ವಾಸಿ ಅಂತ ಸೀಗೆಪುಡಿ ಕಣ್ಣಿಗೆ ಹೋಗುವವರೆಗೂ ಯೋಚಿಸುತ್ತಿರುತ್ತೇನೆ.

ಬೇವು ಬೆಲ್ಲ ತಿನ್ನುವಾಗ ಹೇಳುವ ಶ್ಲೋಕದಲ್ಲಿ ನೂರು ವರ್ಷ ಆಯಸ್ಸು, ವಜ್ರದಂಥ ಮೈ ಅಂತೆಲ್ಲ ಇದೆ. ಮಲೆನಾಡಿನ ತೋಟಗಳ ನಡುವೆ ಬೇವಿನ ಮರ ಅಪರೂಪ, ಒಣಹವೆಯ ಮರ ಅದು. ಕಡೂರು ಕಡೆಯ ಬಯಲಿನಲ್ಲಿ ಬೇಕಾದಷ್ಟಿದೆ. ನಾವು ಹಿಂದಿನ ದಿನ ಪೇಟೆಯಲ್ಲಿ ದುಡ್ಡು ಕೊಟ್ಟು ಕಹಿ ತರುತ್ತೇವೆ. ಮಾವಿನೆಲೆಗೆ ಆ ತೊಂದರೆ ಇಲ್ಲ, ಹಿತ್ತಲಲ್ಲೇ ಇದೆ. ತೋರಣ ಕಟ್ಟುವಾಗ ಒಂದು ಗೊಂಚಲು ಮಾವಿನ ಹೂವನ್ನೂ ನಾನು ಸಿಕ್ಕಿಸುತ್ತೇನೆ, ಕಾಮನ ಲೆಕ್ಕಕ್ಕೆ. ಹಾಗೆ ಮಾಡಬೇಕು ಅಂತ ಶಾಸ್ತ್ರವೇನಿಲ್ಲ. ಒಬ್ಬಟ್ಟಿನ ಮೊದಲನೆಯದು ಮಾತ್ರ ರತಿಯ ಹೆಸರಿನಲ್ಲಿ, ಒಲೆ ಮುಂದೆ ನಿಂತವರೇ ತಿನ್ನುವುದು. ಈ ಸಲ ಅದು ಅಮ್ಮನ ಪಾಲಿಗೆ ಹೋಯಿತು, ಅವರು ಕತೆ ಏನೂ ಕೇಳದೆ ತಿಂದುಬಿಟ್ಟರು.

ಮಾರನೇ ದಿನ ಹೊಸತೊಡಕು. ಬೀದಿ ಪೂರ್ತಿ ಮಟನ್ ಸಾರಿನ ಘಮ. ಅವತ್ತು ಏನು ಮಾಡುತ್ತೇವೋ ವರ್ಷವಿಡೀ ಅದೇ ಮಾಡುತ್ತಿರುತ್ತೇವೆ ಅಂತ ನಂಬಿಕೆ, ಅದಕ್ಕೇ ಅವತ್ತು ಮಕ್ಕಳಿಗೂ ಬೈಗುಳ ಬೀಳಲ್ಲ. ಹದಿನೈದು ದಿನ ತಡೆದಿಟ್ಟ ಹೊಸ ಕೆಲಸಗಳನ್ನು ನಾನು ಶುರು ಮಾಡುವುದೂ ಅವತ್ತೇ. ಈ ವಿಡಿಯೋದ ಎಡಿಟಿಂಗ್ ಮಾಡುತ್ತಿರುವುದು ಹೊಸತೊಡಕಿನ ಮಧ್ಯಾಹ್ನ, ಅಂದರೆ ವರ್ಷವಿಡೀ ನನಗೆ ಇದೇ ಗತಿ. ಅಜ್ಜಿ ಪಕ್ಕದಲ್ಲಿ ಕೂತು ತಮ್ಮ ಧ್ವನಿ ಚೆನ್ನಾಗಿ ಬಂದಿಲ್ಲ, ಇನ್ನೊಂದು ಸಲ ರೆಕಾರ್ಡ್ ಮಾಡು ಅನ್ನುತ್ತಿದ್ದಾರೆ. ಗುಡುಗು ಬೇರೆ ಶುರುವಾಗಿದೆ, ಕರೆಂಟ್ ಹೋಗುವುದರೊಳಗೆ ಅಪ್‌ಲೋಡ್ ಮಾಡಬೇಕು. ನಿಮ್ಮ ಮನೆಯಲ್ಲಿ ಬಾಕಿ ಉಳಿದಿರುವ ಡಬ್ಬಿ ಯಾರದ್ದು, ಕಾಮೆಂಟಿನಲ್ಲಿ ಹೇಳಿ.