ಹಿಮದ ಕಡಲಲ್ಲಿ ಚಿಪ್ಪು ಕಟ್ಟೋದು ಯಾಕೆ ಕಷ್ಟ ಆಗ್ತಿದೆ?

ಎಲ್ಲರಿಗೂ ನಮಸ್ಕಾರ, ಮಡಿಕೇರಿಯಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ಆರ್ಕ್ಟಿಕ್ ಮತ್ತೆ ಅಂಟಾರ್ಕ್ಟಿಕ್ ಕಡಲಿಂದು, ನಮ್ಮೂರಿಂದ ತುಂಬಾ ದೂರ, ಆದ್ರೆ ಕಾಫಿ ತೋಟ ಮಾಡೋರಿಗೆ ಇದು ಬೇಗ ಅರ್ಥ ಆಗುತ್ತೆ, ಯಾಕೆ ಅಂತ ಈಗ್ಲೇ ಗೊತ್ತಾಗುತ್ತೆ.

[ಸ್ಕ್ರೀನ್ ಮೇಲೆ: ಲಿಮಸಿನಾ ಈಜೋ ದೃಶ್ಯ]

ಇದು ಲಿಮಸಿನಾ. ಬಸವನಹುಳುವಿನ ಬಳಗದ್ದೇ, ಕೆಲವೇ ಮಿಲಿಮೀಟರ್ ಸೈಜು, ಆದ್ರೆ ತೆವಳೋ ಪಾದದ ಜಾಗದಲ್ಲಿ ಎರಡು ರೆಕ್ಕೆ ಇದೆ, ಅದನ್ನ ಬಡ್ಕೊಂಡು ನೀರಲ್ಲಿ ಹಾರಿದ ಹಾಗೇ ಹೋಗುತ್ತೆ, ಅದಕ್ಕೇ ಕಡಲ ಚಿಟ್ಟೆ ಅಂತಾರೆ. ಲೋಳೆಯ ಬಲೆ ಹರಡಿ ಅದಕ್ಕೆ ಸಿಕ್ಕಿದ ಪಾಚಿ ತಿಂದು ಬದುಕುತ್ತೆ. ಮೀನು, ಹಕ್ಕಿ, ತಿಮಿಂಗಿಲ ಇದನ್ನ ತಿನ್ನುತ್ವೆ, ಕ್ಲಿಯೋನೆ ಅನ್ನೋ ಜೀವಿಗಂತೂ ಹೆಚ್ಚುಕಮ್ಮಿ ಇದೊಂದೇ ಊಟ.

ಇದರ ಚಿಪ್ಪು ಅರಗೊನೈಟ್‌ನದು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ಆದ್ರೆ ಅದರ ಇನ್ನೊಂದು ರೂಪ ಕ್ಯಾಲ್ಸೈಟ್‌ಗಿಂತ ಬೇಗ ಕರಗುತ್ತೆ.

ಈಗ ಕೆಮಿಸ್ಟ್ರಿ. ನಾವು ಬಿಡೋ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗ ಕಡಲು ಹೀರ್ಕೊಳ್ಳುತ್ತೆ, ಅದು ನೀರಿನ ಜೊತೆ ಸೇರಿ ಆಮ್ಲ ಆಗಿ, ಚಿಪ್ಪು ಕಟ್ಟಕ್ಕೆ ಬೇಕಾದ ಕಾರ್ಬೊನೇಟ್ ಅಯಾನ್‌ಗಳನ್ನ ಕಮ್ಮಿ ಮಾಡುತ್ತೆ. ಪಿಎಚ್ ಅಂದ್ರೆ ಹುಳಿ-ಕ್ಷಾರದ ಅಳತೆ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ. ಕಡಲಿನ ಮೇಲ್ಪದರದ ಪಿಎಚ್ ಕೈಗಾರಿಕೆ ಶುರುವಾಗೋಕೆ ಮುಂಚೆ ಸುಮಾರು 8.2 ಇತ್ತು, ಈಗ 8.1ರ ಹತ್ರ. ನೀರು ಹುಳಿ ಆಗಿಬಿಟ್ಟಿದೆ ಅಂತ ಅಲ್ಲ, ಈಗ್ಲೂ ಕ್ಷಾರನೇ. ಆದ್ರೆ ಪಿಎಚ್ ಲೆಕ್ಕದಲ್ಲಿ 0.1 ಇಳಿತು ಅಂದ್ರೆ ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನ್ 25 ಪರ್ಸೆಂಟ್‌ಗಿಂತ ಜಾಸ್ತಿ ಆಯ್ತು ಅಂತ ಅರ್ಥ. ನಮ್ಮ ಕೊಡಗಿನ ಮಳೆಗೆ ತೋಟದ ಮಣ್ಣಿನ ಕ್ಯಾಲ್ಸಿಯಂ ತೊಳೆದು ಹೋಗಿ ಮಣ್ಣು ಹುಳಿ ಆದ್ರೆ ನಾವು ಮಣ್ಣು ಟೆಸ್ಟ್ ಮಾಡಿಸಿ ಸುಣ್ಣ ಹಾಕಿ ಸರಿ ಮಾಡ್ತೀವಿ, ಅಷ್ಟು ದೊಡ್ಡ ಕಡಲಿಗೆ ಹಾಗೆ ಮಾಡೋಕೆ ಎಲ್ಲಾಗುತ್ತೆ ಹೇಳಿ.

ಧ್ರುವಗಳಿಗೇ ಮೊದಲ ಏಟು ಬೀಳೋದಕ್ಕೆ ಕಾರಣ ಇದೆ. ತಣ್ಣೀರಲ್ಲಿ ಗ್ಯಾಸ್ ಜಾಸ್ತಿ ಕರಗುತ್ತೆ, ಅಲ್ಲಿ ಕಾರ್ಬೊನೇಟ್ ಮೊದಲೇ ಕಮ್ಮಿ, ಮೇಲಿಂದ ಹಿಮ ಕರಗಿದ ಸಿಹಿನೀರು ಸೇರಿ ಅದನ್ನ ಇನ್ನೂ ತೆಳು ಮಾಡುತ್ತೆ.

[ಸ್ಕ್ರೀನ್ ಮೇಲೆ: ಸ್ಕೋಷಿಯಾ ಸಮುದ್ರದ ಮ್ಯಾಪ್]

2008ರಲ್ಲಿ ಅಂಟಾರ್ಕ್ಟಿಕ್ ಹತ್ರದ ಸ್ಕೋಷಿಯಾ ಸಮುದ್ರದಿಂದ ತಂದ ಲಿಮಸಿನಾಗಳನ್ನ ಮೈಕ್ರೋಸ್ಕೋಪ್‌ನಲ್ಲಿ ನೋಡಿದ್ರೆ ಬದುಕಿರೋ ಜೀವಿಯ ಚಿಪ್ಪೇ ಕರಗಿತ್ತು, 2012ರಲ್ಲಿ ಅದು ಪ್ರಕಟ ಆಯ್ತು. ಲ್ಯಾಬ್‌ನ ತೊಟ್ಟಿಯಲ್ಲಲ್ಲ, ನಿಜವಾದ ಕಡಲಲ್ಲೇ. ಏಕಕೋಶದ ಫೊರಾಮಿನಿಫೆರಾಗಳದ್ದೂ ಇದೇ ಪಾಡು, ದಕ್ಷಿಣ ಮಹಾಸಾಗರದಲ್ಲಿ ಒಂದು ಜಾತಿಯ ಈಗಿನ ಚಿಪ್ಪು, ಕಡಲ ತಳದ ಕೆಸರಲ್ಲಿರೋ ಹಳೇ ಚಿಪ್ಪಿಗಿಂತ 30ರಿಂದ 35 ಪರ್ಸೆಂಟ್ ಹಗುರ ಇದೆ ಅಂತ 2009ರಲ್ಲಿ ಗೊತ್ತಾಯ್ತು. ಕ್ಯಾಲ್ಸಿಯಂ ಕಾರ್ಬೊನೇಟ್‌ನ ಬಿಲ್ಲೆ ಹೊದ್ದಿರೋ ಕಾಕೊಲಿಥೊಫೋರ್ ಅನ್ನೋ ಪಾಚಿ ಮಾತ್ರ ನೀರು ಬೆಚ್ಚಗಾದ ಹಾಗೇ ಉತ್ತರಕ್ಕೆ, ನಾರ್ವೆ-ರಷ್ಯಾ ಮೇಲಿನ ಬೇರೆಂಟ್ಸ್ ಸಮುದ್ರದ ಒಳಗೆ ಹರಡ್ತಾ ಇದೆ, ಹಾಗಾಗಿ ಎಲ್ಲಾ ಜಾತಿಗೂ ಒಂದೇ ಉತ್ತರ ಇಲ್ಲ.

"ಚಿಪ್ಪು ಕರಗ್ತು, ಜೀವಿ ಸತ್ತೋಯ್ತು" ಅನ್ನೋ ಹೆಡ್‌ಲೈನ್ ನೋಡಿದಾಗ ನಂಗೆ ಬೇಜಾರಾಗುತ್ತೆ, ಯಾಕಂದ್ರೆ ಲಿಮಸಿನಾ ಸುಮ್ನೆ ಕೂತಿರಲ್ಲ. ಚಿಪ್ಪಿನ ಹೊರಗೆ ತೆಳ್ಳನೆ ಪೊರೆ ಇದೆ, ಅದು ಸರಿ ಇರೋವರೆಗೂ ಚಿಪ್ಪು ಸುಲಭಕ್ಕೆ ಕರಗಲ್ಲ, ಪೊರೆ ಹರಿದು ಚಿಪ್ಪು ಸವೆದ್ರೂ ಒಳಗಿಂದ ಹೊಸ ಪದರ ಹಾಕಿ ದಪ್ಪ ಮಾಡ್ಕೊಳ್ಳುತ್ತೆ. ಇಷ್ಟು ಚಿಕ್ಕ ಜೀವ ಇಷ್ಟು ಮಾಡುತ್ತಲ್ಲ, ನಿಜಕ್ಕೂ ದೊಡ್ಡದು. ಆದ್ರೆ ರಿಪೇರಿಗೆ ಶಕ್ತಿ ಬೇಕು, ಶಕ್ತಿಗೆ ಊಟ ಬೇಕು, ಧ್ರುವದ ಚಳಿಗಾಲದಲ್ಲಿ ಬಿಸಿಲೇ ಇಲ್ಲ, ಪಾಚಿ ಬೆಳೆಯಲ್ಲ, ಕಾರ್ಬೊನೇಟ್ ತುಂಬಾ ಕಮ್ಮಿ ಆಗೋದೂ ಅದೇ ಟೈಮಲ್ಲಿ. ಬೆಳೆಯೋಕೆ, ಮೊಟ್ಟೆ ಇಡೋಕೆ ಇಟ್ಕೊಂಡಿದ್ದ ಶಕ್ತಿ ಚಿಪ್ಪಿಗೆ ಖರ್ಚಾದ್ರೆ ಮುಂದಿನ ಪೀಳಿಗೆ ಕಮ್ಮಿ ಆಗಬಹುದು. ಅದಕ್ಕೇ ಬೇಸಿಗೆ ಸ್ಯಾಂಪಲ್‌ನಲ್ಲಿ ಚಿಪ್ಪು ಚೆನ್ನಾಗಿದೆ ಅಂತ ನಿಟ್ಟುಸಿರು ಬಿಡೋ ಹಾಗಿಲ್ಲ, ಚಳಿಗಾಲದ್ದೂ ಬೇಕು, ಆದ್ರೆ ಆಗ ಕಡಲಿನ ಮೇಲ್ಭಾಗ ತುಂಬಾ ಕಡೆ ಹೆಪ್ಪುಗಟ್ಟಿರುತ್ತೆ, ಹಡಗು ಒಳಗೆ ಹೋಗೋದೇ ಕಷ್ಟ.