ಸಂಡೇ ಬಜಾರ್‌ನಲ್ಲಿ ಸಾವಿನ ತಂತಿಗೆ 400 ರೂಪಾಯಿ!

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಭಾನುವಾರದ ಹಳೇ ಸಾಮಾನಿನ ಸಂತೆ. ಹಾರ್ನ್ ಸೌಂಡ್ ಸ್ವಲ್ಪ ಜಾಸ್ತಿ ಇದೆ, ಅಡ್ಜಸ್ಟ್ ಮಾಡಿಕೊಳ್ಳಿ.

ಕೈಯಲ್ಲಿರುವುದು ಎರಡು ಹಳೇ ತಂತಿ. ಟೆಲಿಗ್ರಾಂ. ಹೆಸರು, ವಿಳಾಸ ಬ್ಲರ್ ಮಾಡಿದ್ದೇನೆ. ಹೂವಿನ ಚಿತ್ರ ಇರುವುದು ಮದುವೆ ಶುಭಾಶಯ. ಇಂಥದ್ದಕ್ಕೆ ವಾಕ್ಯ ಬರೆಯುವ ಕಷ್ಟವೂ ಇರಲಿಲ್ಲ. ಪಟ್ಟಿ ನೋಡಿ ನಂಬರ್ ಬರೆದರೆ ಸಾಕು, ಆ ಕಡೆ ಪೂರ್ತಿ ಹಾರೈಕೆ ಸಿಗುತ್ತಿತ್ತು. ಇನ್ನೊಂದು, 'ಫಾದರ್ ಎಕ್ಸ್‌ಪೈರ್ಡ್ ಸ್ಟಾರ್ಟ್ ಇಮಿಡಿಯೆಟ್ಲಿ'. ಅಷ್ಟೇ. ಪದ ಲೆಕ್ಕ ಹಾಕಿ ದುಡ್ಡು, ವಿಳಾಸದ ಪದಗಳಿಗೂ ದುಡ್ಡು. ಹೇಗೆ ಹೋದರು ಅಂತೆಲ್ಲ ಯಾರು ಬರೆಯುತ್ತಾರೆ?

ರೇಟ್ ಕೇಳಿ ಈಗ. ಮದುವೆಯದು 100. ಸಾವಿನದು 400! ಯಾಕಣ್ಣಾ ಅಂದೆ. "ಶೂಟಿಂಗ್‌ನವರು ಇದನ್ನೇ ಕೇಳ್ತಾರೆ ಸಾರ್, ಮದುವೇದು ಯಾರಿಗೆ ಬೇಕು?" ಇನ್ನೂರೈವತ್ತಕ್ಕೆ ಕೊಡಿ ಅಂದರೆ, "ಸಾವಿಗೂ ಚೌಕಾಸಿನಾ?" ಅಂತ ನನಗೇ ಬುದ್ಧಿ ಹೇಳಿದರು. ಮಾರುತ್ತಿರುವುದು ನಾನಾ, ಅವರಾ? ಯಾರದೋ ಅಪ್ಪ ಹೋದ ಸುದ್ದಿ ಅದು. ಶುದ್ಧ ದರೋಡೆ.

ಆದರೂ ಅವರ ಲೆಕ್ಕ ಸರಿ ಇರಬಹುದು. ನಮ್ಮಜ್ಜಿ ಊರಲ್ಲಿ ತಂತಿ ಬಂತು ಅಂದರೆ ಒಡೆಯುವ ಮೊದಲೇ ಅಳು ಶುರು. ಇಂಗ್ಲಿಷ್ ಓದುವವರು ಮೇಷ್ಟ್ರು ಒಬ್ಬರೇ, ಅವರು ಶಾಲೆ ಬಿಟ್ಟು ಬರಬೇಕು. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿ ಯಾರು ಸತ್ತಿರಬಹುದು ಅಂತ ಮಾತಾಡಿಯೂ ಆಗುತ್ತಿತ್ತು. ಒಮ್ಮೆ ಮೇಷ್ಟ್ರು ಓದಿದರೆ, 'ಮೇಲ್ ಚೈಲ್ಡ್ ಬೋತ್ ಸೇಫ್'. ಬೆಂಗಳೂರಲ್ಲಿ ಅತ್ತೆಗೆ ಗಂಡು ಮಗು! ಅಜ್ಜಿಗೆ ಖುಷಿಗಿಂತ ಸಿಟ್ಟೇ ಜಾಸ್ತಿ ಬಂತಂತೆ. "ಇದಕ್ಕೆಲ್ಲಾ ತಂತಿ ಯಾಕೆ, ಕಾರ್ಡ್ ಹಾಕೋಕೆ ಏನಾಗಿತ್ತು?"

ಅಂದಹಾಗೆ, ನಮ್ಮ ಬಿ.ಎಂ.ಟಿ.ಸಿ. ಬಸ್ಸಿನಲ್ಲಿ 'ಸಿ.ಟಿ.ಓ.' ಅಂತ ಸ್ಟಾಪ್ ಇದೆಯಲ್ವಾ? ಸೆಂಟ್ರಲ್ ಟೆಲಿಗ್ರಾಫ್ ಆಫೀಸ್. ಇಳಿಯುವ ಅರ್ಧ ಜನಕ್ಕೆ ಗೊತ್ತಿಲ್ಲ, ಬೆಟ್ ಕಟ್ಟುತ್ತೇನೆ. 2013ರ ಜುಲೈನಲ್ಲಿ ದೇಶದಲ್ಲೆಲ್ಲ ತಂತಿ ನಿಂತಿತು. ಕೊನೇ ದಿನ ಜನ ಕ್ಯೂ ನಿಂತು ತಮಗೆ ತಾವೇ ತಂತಿ ಕಳಿಸಿಕೊಂಡರು. ಆಗ ನನಗೆ ನಗು ಬಂದಿತ್ತು. ಈಗ, ಒಂದು ಕಳಿಸಬೇಕಿತ್ತು ಅನಿಸುತ್ತದೆ. ಏನಿಲ್ಲವೆಂದರೂ ಈ 400ರ ಚೌಕಾಸಿ ತಪ್ಪುತ್ತಿತ್ತು, ಸುಮ್ನೆ!

ಕೊನೆಗೆ ಮದುವೆಯದ್ದನ್ನು 80ಕ್ಕೆ ತಗೊಂಡೆ. ಇನ್ನೊಂದನ್ನು ವಾಪಸ್ ಇಟ್ಟೆ, ಯಾವ ಧಾರಾವಾಹಿಗೆ ಹೋಗುತ್ತದೋ.

ಅಯ್ಯೋ, ಕ್ಲಿಪ್ ಮುಗಿಯುತ್ತಿದೆ. ಮುಂದಿನದು ಹಳೇ ರೇಡಿಯೋ ಅಂಗಡಿ, ಅಲ್ಲೂ ರೇಟ್ ಜಗಳವೇ. ಬನ್ನಿ ಬನ್ನಿ, ಈ ಕಡೆ.