ಕತ್ತಲ ಓಣಿಯ ಎರಡು ಬದಿ

ಆತ್ಮೀಯ ಕೇಳುಗರೇ, ನಮಸ್ಕಾರ.

ಊರ ಜಾತ್ರೆಯಲ್ಲೋ ದಸರಾ ವಸ್ತುಪ್ರದರ್ಶನದಲ್ಲೋ, ತಗಡಿನ ಗೋಡೆಯ ಮೇಲೆ ಅಸ್ಥಿಪಂಜರದ ಚಿತ್ರ ಬರೆಸಿ ನಿಲ್ಲಿಸಿದ ಭೂತ ಬಂಗಲೆಯನ್ನು ನಿಮ್ಮಲ್ಲಿ ಅನೇಕರು ಕಂಡಿರುತ್ತೀರಿ. ಟಿಕೆಟ್ ಕೊಂಡು ಒಳಗೆ ಹೋದವರು ಎರಡು ನಿಮಿಷದಲ್ಲಿ ಕಿರುಚುತ್ತಲೋ ನಗುತ್ತಲೋ ಹೊರಗೆ ಬರುತ್ತಾರೆ. ಒಳಗೆ ಮುಖವಾಡ ತೊಟ್ಟು ಬೆದರಿಸಿದವನು ಯಾರೆಂದು ಯಾರೂ ಕೇಳುವುದಿಲ್ಲ. ಅಮೆರಿಕದ ಥೀಮ್ ಪಾರ್ಕುಗಳಲ್ಲಿ, ಭೂತಪ್ರೇತಗಳ ವೇಷ ತೊಡುವ ಹ್ಯಾಲೋವೀನ್ ಹಬ್ಬದ ಕಾಲಕ್ಕೆ ಕಟ್ಟುವ ಭೂತ ಬಂಗಲೆಗಳ ವಿಷಯದಲ್ಲಿ ಹಾಗಾಗಿಲ್ಲ. ಅಲ್ಲಿ ಹೆದರಿಸುವವನನ್ನು ನಟನೆಂದು ಗುರುತಿಸುವ, ಅವನ ಕೆಲಸವನ್ನು ಹಾಡುಗಾರಿಕೆಯ ರಸಿಕರಂತೆ ಎಳೆ ಎಳೆಯಾಗಿ ಬಿಡಿಸಿ ಚರ್ಚಿಸುವ ಅಭಿಮಾನಿ ಬಳಗವೇ ಬೆಳೆದಿದೆ. ಆ ಅಭಿಮಾನಿಗಳು ಮತ್ತು ನಟರು ತಮ್ಮ ತಮ್ಮಲ್ಲಿ ಆಡಿಕೊಳ್ಳುವ ಮಾತಿನ ಬಗ್ಗೆ ಇಂದು ಕೆಲವು ವಿಚಾರಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಅಲ್ಲಿ ಬಹುಕಾಲ ಮಕ್ಕಳ ಹಬ್ಬವಾಗಿತ್ತು. ಕ್ಯಾಲಿಫೋರ್ನಿಯಾದ ಬ್ಯೂನಾ ಪಾರ್ಕ್ ಪಟ್ಟಣದ ನಾಟ್ಸ್ ಬೆರಿ ಫಾರ್ಮ್ ಎಂಬ ಥೀಮ್ ಪಾರ್ಕ್ 1973ರಲ್ಲಿ 3 ರಾತ್ರಿಗಳ ಮಟ್ಟಿಗೆ, ಹಳೆಯ ಗಣಿ ಊರಿನ ಮಾದರಿಯಲ್ಲಿ ಕಟ್ಟಿದ ತನ್ನ ಬೀದಿಗಳಲ್ಲಿ ವೇಷಧಾರಿಗಳನ್ನು ಬಿಟ್ಟು ಜನರನ್ನು ಬೆದರಿಸಿತು. ಮೊಣಕಾಲಿಗೆ ಕವಚ ಕಟ್ಟಿ, ಕೈಗವಸಿಗೆ ಲೋಹದ ತಗಡು ಹಾಕಿಕೊಂಡು, ಓಡಿಬಂದು ನೆಲದ ಮೇಲೆ ಕಿಡಿ ಹಾರಿಸುತ್ತ ಜಾರಿ ಪ್ರೇಕ್ಷಕನ ಕಾಲ ಬುಡದಲ್ಲಿ ನಿಲ್ಲುವ ‘ಸ್ಲೈಡರ್’ ಎಂಬ ವಿದ್ಯೆ ಹುಟ್ಟಿದ್ದು ಅಲ್ಲಿಯೇ. ಫ್ಲಾರಿಡಾದ ಒರ್ಲ್ಯಾಂಡೊ ನಗರದ ಯೂನಿವರ್ಸಲ್ ಸ್ಟುಡಿಯೋಸ್ ಪಾರ್ಕ್ 1991ರಲ್ಲಿ ಈ ದಾರಿಗೆ ಬಂದಿತು. ಆಗಲೂ ಇದ್ದದ್ದು 3 ರಾತ್ರಿ ಮತ್ತು ಒಂದೇ ಭೂತ ಬಂಗಲೆ. ಅದನ್ನೂ ದುರಸ್ತಿಗೆಂದು ಮುಚ್ಚಿದ್ದ ಶಾರ್ಕ್ ಮೀನಿನ ಸವಾರಿಯೊಂದರ ಸರತಿ ಸಾಲಿನ ಜಾಗದಲ್ಲಿ ಕಟ್ಟಿದ್ದರು. ಮರುವರ್ಷ ಅದಕ್ಕೆ ಹ್ಯಾಲೋವೀನ್ ಹಾರರ್ ನೈಟ್ಸ್ ಎಂಬ ಹೆಸರು ಬಿತ್ತು. 2024ರಲ್ಲಿ ಅದೇ ಉತ್ಸವ ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಆಯ್ದ 48 ರಾತ್ರಿ, 10 ಬಂಗಲೆಗಳೊಡನೆ ನಡೆಯಿತು.

ಸಿನಿಮಾ ಚಿತ್ರೀಕರಣಕ್ಕೆ ಬಳಸುವ ವಿಶಾಲ ಒಳಾಂಗಣಗಳಲ್ಲಿ, ಇಲ್ಲವೇ ದೊಡ್ಡ ಡೇರೆಗಳಲ್ಲಿ ಈ ಬಂಗಲೆಗಳನ್ನು ಕಟ್ಟುತ್ತಾರೆ. ಗೋಡೆ, ಸೂರು, ಕಿಟಕಿಯ ಮೇಲಿನ ಧೂಳು, ಗೋಡೆಗಂಟಿದ ಪಾಚಿ ಇವೆಲ್ಲವೂ ನುರಿತ ಕಲಾವಿದರ ಕೈಕೆಲಸ. ಕೋಣೆಗೊಂದು ವಾಸನೆಯನ್ನೂ ಹಾಯಿಸುತ್ತಾರೆ. ಪ್ರೇಕ್ಷಕ ಗಂಟೆಗಟ್ಟಲೆ ಸಾಲಿನಲ್ಲಿ ನಿಂತು, ಒಳಗೆ ನಡೆಯುವುದು ಕೆಲವೇ ನಿಮಿಷ. ಆ ಕೆಲವು ನಿಮಿಷವನ್ನು ತುಂಬುವ ನಟನಿಗೆ ಯೂನಿವರ್ಸಲ್‌ನಲ್ಲಿ ‘ಸ್ಕೇರ್‌ಆಕ್ಟರ್’ ಎನ್ನುತ್ತಾರೆ. ಅವನು ನಿಲ್ಲುವ ಕಿರುಗಂಡಿಯನ್ನು ‘ಬೂ ಹೋಲ್’ ಎಂದು ಕರೆಯುತ್ತಾರೆ.

ಈ ಕಿರುಗಂಡಿಯ ವಿದ್ಯೆಯನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಕತ್ತಲಲ್ಲಿ ಕೂಗಿದರೆ ಯಾರಾದರೂ ಬೆಚ್ಚಿಬೀಳುತ್ತಾರೆ, ಅದರಲ್ಲಿ ಕಲೆಯೇನಿದೆ ಎಂದು ಕೇಳುವವರಿದ್ದಾರೆ. ಎಡಗಡೆ ಒಂದು ಹೆಣದ ಗೊಂಬೆಗೆ ಬೆಳಕು ಬಿದ್ದಿರುತ್ತದೆ, ಕಣ್ಣು ಅತ್ತ ಹೊರಳುತ್ತದೆ, ಅದೇ ಗಳಿಗೆಯಲ್ಲಿ ಬಲಗಡೆಯ ಪರದೆ ಸರಿಯುತ್ತದೆ. ಆ ಗಳಿಗೆ ಒಂದು ಕ್ಷಣ ಮೊದಲಾದರೆ ಬಂದವನು ಗೊಂಬೆಯನ್ನು ಇನ್ನೂ ನೋಡಿರುವುದಿಲ್ಲ, ಒಂದು ಕ್ಷಣ ತಡವಾದರೆ ಅವನು ಕಿರುಗಂಡಿಯನ್ನು ದಾಟಿರುತ್ತಾನೆ. ಸಾಲಿನಲ್ಲಿ ಬರುವವರಲ್ಲಿ ಯಾರು ನಿಜವಾಗಿ ಅಂಜಿದ್ದಾರೆ, ಯಾರು ಬಿಗುಮಾನದಿಂದ ನಡೆಯುತ್ತಿದ್ದಾರೆ, ಯಾರು ಗೆಳತಿಯ ಭುಜದ ಹಿಂದೆ ಮುಖ ಹುದುಗಿಸಿದ್ದಾರೆ ಎಂಬುದನ್ನು ಮುಖವಾಡದ ಕಿರಿದಾದ ತೂತುಗಳಿಂದಲೇ ಅಳೆದು, ಒಬ್ಬನನ್ನು ಆರಿಸಿ, ಮುಟ್ಟದೆ, ತೋಳಿನಳತೆಯ ದೂರದಲ್ಲಿ ಎದ್ದು ನಿಂತು, ಮತ್ತೆ ಕೆಲವೇ ಕ್ಷಣಗಳಲ್ಲಿ ಪರದೆಯ ಹಿಂದೆ ಸರಿದು ಮುಂದಿನವನಿಗೆ ಸಿದ್ಧನಾಗಬೇಕು. ಫ್ಲಾರಿಡಾದ ಬೆವರು ಸುರಿಸುವ ಸೆಪ್ಟೆಂಬರ್ ತಿಂಗಳಿನಲ್ಲಿ, ತುಪ್ಪಳದ ವೇಷ ತೊಟ್ಟು, ಒಂದು ರಾತ್ರಿಗೆ ನೂರಾರು ಸಲ ಇದನ್ನು ಮಾಡಬೇಕು. ಆದ್ದರಿಂದಲೇ ಒಂದು ಪಾತ್ರಕ್ಕೆ ಒಬ್ಬರಿಗಿಂತ ಹೆಚ್ಚು ನಟರನ್ನು ನೇಮಿಸಿ, ಸರದಿಯ ಮೇಲೆ ಬಿಡುವು ಕೊಡುತ್ತಾರೆ.

ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬರುವ ಮುನ್ನ ಮರೆಯಿಂದ ಕೇಳುವ ಅಬ್ಬರಕ್ಕೇ ಮಕ್ಕಳು ತಾಯಿಯ ಸೆರಗು ಹಿಡಿಯುತ್ತಾರಲ್ಲವೇ? ವೇಷಕ್ಕಿಂತ ಮೊದಲು ಕಾಯುವಿಕೆ ಕೆಲಸ ಮಾಡುತ್ತದೆ. ಅಭಿಮಾನಿಗಳು ಮತ್ತು ನಟರು ಅತಿ ಹೆಚ್ಚು ಚರ್ಚಿಸುವ ಕೊರತೆಯೂ ಈ ಕಾಯುವಿಕೆಗೇ ಸಂಬಂಧಿಸಿದ್ದು. ಜನಸಂದಣಿ ಹೆಚ್ಚಿದ ರಾತ್ರಿಗಳಲ್ಲಿ ಗುಂಪು ಗುಂಪಾಗಿ ಬಿಡುವುದನ್ನು ಬಿಟ್ಟು, ಇರುವೆ ಸಾಲಿನಂತೆ ಎಡೆಬಿಡದೆ ಪ್ರೇಕ್ಷಕರನ್ನು ಒಳಗೆ ಕಳಿಸುತ್ತಾರೆ. ಇದಕ್ಕೆ ಅಭಿಮಾನಿಗಳು ‘ಕಾಂಗಾ ಲೈನ್’ ಎನ್ನುತ್ತಾರೆ. ಮುಂದಿರುವವನು ಬೆಚ್ಚಿದ್ದನ್ನು ಹಿಂದಿನವನು ಕಣ್ಣಾರೆ ಕಂಡ ಮೇಲೆ ಅವನಿಗೆ ಉಳಿಯುವುದೇನು? ಅಭಿಮಾನಿ ಇದನ್ನು ತನಗಾದ ನಷ್ಟವೆಂದು ದೂರುತ್ತಾನೆ. ಕಿರುಗಂಡಿಯಲ್ಲಿ ನಿಂತವನಿಗೂ ಇದು ನಷ್ಟವೇ. ಆರಿಸಲು ಸಮಯವಿಲ್ಲದೆ ಅವನ ಕಲೆ ಬರಿಯ ಯಂತ್ರದ ಹೊಡೆತವಾಗಿಬಿಡುತ್ತದೆ. ಇದನ್ನು ಬಲ್ಲ ಅಭಿಮಾನಿಗಳು ಒಂದೇ ಬಂಗಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ, ಜನ ಕಡಿಮೆಯಿರುವ ವಾರದ ದಿನಗಳಲ್ಲಿ, ಮತ್ತೆ ಮತ್ತೆ ನೋಡಿ, ಸರದಿಯ ಮೇಲೆ ಬರುವ ನಟರ ನಡುವಿನ ವ್ಯತ್ಯಾಸವನ್ನು ಗುರುತಿಸುತ್ತಾರೆ. ಹಗಲು ಹೊತ್ತು ದೀಪ ಹಾಕಿ ಬಂಗಲೆಯ ರಚನೆಯನ್ನು ವಿವರಿಸುವ ಪ್ರವಾಸಗಳಿಗೂ ಪ್ರತ್ಯೇಕವಾಗಿ ಹಣ ತೆತ್ತು ಹೋಗುತ್ತಾರೆ.

ಇನ್ನೊಂದು ಚರ್ಚೆ ಕಥೆಗೆ ಸೇರಿದ್ದು. ಹೆಸರಾಂತ ಸಿನಿಮಾ ಅಥವಾ ಧಾರಾವಾಹಿಯನ್ನು ಆಧರಿಸಿದ ಬಂಗಲೆಗಳು ಹೊಸ ಜನರನ್ನು ಸೆಳೆಯುತ್ತವೆ. ಆದರೆ ‘ದಿ ವಾಕಿಂಗ್ ಡೆಡ್’ ಧಾರಾವಾಹಿ 2012ರಿಂದ 2016ರವರೆಗೆ ಸತತ 5 ವರ್ಷ ಒರ್ಲ್ಯಾಂಡೊದಲ್ಲಿ ಬಂಗಲೆಯಾಗಿ ಬಂದಾಗ ಹಳೆಯ ಅಭಿಮಾನಿಗಳು ಬೇಸತ್ತರು. ಅವರಿಗೆ ಪ್ರಿಯವಾದದ್ದು ಉತ್ಸವದ ತಂಡವೇ ಹೆಣೆದ ಸ್ವಂತ ಕಥೆಗಳು. 2000ದಲ್ಲಿ ಉತ್ಸವದ ಮುಖ್ಯ ಪಾತ್ರವಾಗಿ ಬಂದ ಜ್ಯಾಕ್ ಎಂಬ ಕ್ರೂರ ವಿದೂಷಕನನ್ನು ಜನ ಎಷ್ಟು ಹಚ್ಚಿಕೊಂಡರೆಂದರೆ ಅವನು ಮತ್ತೆ ಮತ್ತೆ ಮರಳಿ ಬಂದ. ಅವನ ಪೂರ್ವಕಥೆಯಲ್ಲಿ ಹೆಸರು ಮಾತ್ರ ಕೇಳಿಬರುತ್ತಿದ್ದ ಸರ್ಕಸ್ಸಿನ ಯಜಮಾನ ಡಾಕ್ಟರ್ ಆಡ್‌ಫೆಲೊ 2023ರಲ್ಲಿ ತಾನೇ ಉತ್ಸವದ ಮುಖ್ಯ ಪಾತ್ರವಾದ. 2017ರ ಬಂಗಲೆಯೊಂದು ನನಗೆ ಬಹಳ ಹಿಡಿಸುತ್ತದೆ: 1930ರ ದಶಕದಲ್ಲಿ ಅಮೆರಿಕದ ಬಯಲುಸೀಮೆಯ ಹೊಲಗಳನ್ನು ಧೂಳಿನ ಬಿರುಗಾಳಿ ನುಂಗಿದ ಕಾಲದ ಕಥೆ ಅದು. ರೈತರು ತೊರೆದುಹೋದ ಜಮೀನಿನಲ್ಲಿ, ನೆಲಕ್ಕಾದ ಅನ್ಯಾಯಕ್ಕೆ ಸೇಡು ತೀರಿಸಿಕೊಳ್ಳಲು ಬೆದರುಗೊಂಬೆಗಳು ಎದ್ದು ನಿಲ್ಲುತ್ತವೆ. ಇಲ್ಲಿ ಭಯಕ್ಕೆ ಬೇರು ಇದೆ, ಮಣ್ಣಿನ ನೆನಪಿದೆ. ಸಿನಿಮಾ ನೋಡಿ ಬಂದವನಿಗೆ ಮುಂದಿನ ದೃಶ್ಯ ಗೊತ್ತಿರುತ್ತದೆ. ಈ ಹೊಲದಲ್ಲಿ ಯಾವ ಗೊಂಬೆಯೊಳಗೆ ಮನುಷ್ಯನಿದ್ದಾನೆ ಎಂಬುದು ಯಾರಿಗೂ ಗೊತ್ತಿಲ್ಲ. ಅಭಿಮಾನಿಗಳ ಪಕ್ಷವೇ ಸರಿ ಎಂದು ನಾನು ನಂಬುತ್ತೇನೆ.

ನಟರ ಕಡೆಯಿಂದ ಬರುವ ಒಂದು ನೋವಿನ ಮಾತನ್ನು ಇಲ್ಲಿ ಹೇಳಲೇಬೇಕು. ಮುಟ್ಟಬಾರದು ಎಂಬ ನಿಯಮ ನಟನಿಗಿರುವಂತೆ ಪ್ರೇಕ್ಷಕನಿಗೂ ಇದೆ. ಆದರೂ ಕುಡಿದು ಬಂದವರು, ಗೆಳೆಯರ ಮುಂದೆ ಧೈರ್ಯ ತೋರಿಸಹೊರಟವರು ಕೈ ಮಾಡುವುದುಂಟು. ಭಯದಿಂದ ತಾನಾಗಿ ಕೈ ಎತ್ತಿದವನನ್ನು ನಟರು ಕ್ಷಮಿಸುತ್ತಾರೆ, ಬೇಕೆಂದು ಹೊಡೆದವನನ್ನು ಕ್ಷಮಿಸುವುದು ಕಷ್ಟ. ಕತ್ತಲಲ್ಲಿ ನಿಂತವನು ನಮ್ಮನ್ನು ನೋಯಿಸುವುದಿಲ್ಲ ಎಂಬ ಭರವಸೆಯ ಮೇಲೆ ತಾನೇ ನಾವು ಒಳಗೆ ಕಾಲಿಡುವುದು? ಆ ಭರವಸೆಗೆ ಅವನೂ ಅಷ್ಟೇ ಹಕ್ಕುದಾರ.

ಕಟ್ಟಡದ ಮೇಲಿನ ಭರವಸೆಗೆ ಅಮೆರಿಕ ಬಹಳ ದೊಡ್ಡ ಬೆಲೆ ತೆತ್ತಿದೆ. 1984ರ ಮೇ 11ರಂದು ನ್ಯೂಜೆರ್ಸಿಯ ಜ್ಯಾಕ್ಸನ್‌ನಲ್ಲಿರುವ ಸಿಕ್ಸ್ ಫ್ಲಾಗ್ಸ್ ಗ್ರೇಟ್ ಅಡ್ವೆಂಚರ್ ಪಾರ್ಕಿನ ಭೂತ ಬಂಗಲೆಗೆ ಬೆಂಕಿ ಬಿದ್ದು 8 ಮಂದಿ ಹದಿಹರೆಯದವರು ಪ್ರಾಣ ಕಳೆದುಕೊಂಡರು. ಲಾರಿಗೆ ಹೂಡುವ ಟ್ರೇಲರ್ ಬಂಡಿಗಳನ್ನು ಒಂದಕ್ಕೊಂದು ಜೋಡಿಸಿ ಕಟ್ಟಿದ್ದ ಆ ಬಂಗಲೆಯಲ್ಲಿ ನೀರು ಚಿಮ್ಮುವ ಅಗ್ನಿಶಾಮಕ ವ್ಯವಸ್ಥೆ ಇರಲಿಲ್ಲ. ದಾರಿ ತಪ್ಪಿಸಲೆಂದೇ ಕಟ್ಟಿದ ಕಟ್ಟಡದಲ್ಲಿ, ಹೊಗೆಯ ನಡುವೆ ದಾರಿ ಹುಡುಕುವುದು ಹೇಗೆ? ಆ ದುರಂತದ ನಂತರ ನಿಯಮಗಳು ಬಿಗಿಯಾದವು. ಅಪಾಯದ ಸೂಚನೆ ಬಂದೊಡನೆ ಸಂಗೀತ ನಿಲ್ಲಬೇಕು, ದೀಪಗಳು ಹೊತ್ತಿಕೊಳ್ಳಬೇಕು, ಹೊರದಾರಿ ಕಾಣಬೇಕು. ಇಂದಿನ ಅಭಿಮಾನಿ ನಿಶ್ಚಿಂತೆಯಿಂದ ಕಿರುಚಬಲ್ಲನಾದರೆ ಅದರ ಹಿಂದೆ ಆ ಮಕ್ಕಳ ಸಾವಿದೆ.

ಜನ ಭಯವನ್ನು ಹಣ ಕೊಟ್ಟು ಕೊಳ್ಳುವುದೇಕೆ ಎಂಬುದನ್ನು ಡೆನ್ಮಾರ್ಕಿನ ಆರ್‌ಹುಸ್ ವಿಶ್ವವಿದ್ಯಾನಿಲಯದ ಸಂಶೋಧಕರು ಇಂತಹದೇ ಒಂದು ಭೂತ ಬಂಗಲೆಯಲ್ಲಿ ಪರೀಕ್ಷಿಸಿದ್ದಾರೆ. 110 ಮಂದಿಯ ಎದೆಬಡಿತವನ್ನು ಅಳೆದು 2020ರಲ್ಲಿ ಪ್ರಕಟಿಸಿದ ಅವರ ಅಧ್ಯಯನದ ಪ್ರಕಾರ, ಭಯ ತೀರ ಕಡಿಮೆಯಾದರೂ ತೀರ ಹೆಚ್ಚಾದರೂ ಸಂತೋಷ ಕುಂದುತ್ತದೆ. ನಡುವೆ ಎಲ್ಲೋ ಒಂದು ಹದವಿದೆ. ಒಳ್ಳೆಯ ನಟ ಈ ಹದವನ್ನು ಯಾವ ಉಪಕರಣವೂ ಇಲ್ಲದೆ ಬಲ್ಲ. ಅತ್ತು ಕುಸಿದ ಹುಡುಗಿಯ ಮುಂದೆ ಮತ್ತೆ ಅಬ್ಬರಿಸದೆ ಹಿಂದೆ ಸರಿದು, ಅವಳ ಹಿಂದೆ ಎದೆಯುಬ್ಬಿಸಿ ಬರುತ್ತಿರುವವನಿಗಾಗಿ ಕಾಯುತ್ತಾನೆ.

ನವೆಂಬರ್ ಮೊದಲ ವಾರ ಕಳೆಯಿತೆಂದರೆ ಆ ಗೋಡೆಗಳನ್ನೆಲ್ಲ ಕಳಚುತ್ತಾರೆ. ಒಳಗೆ ಸಾಮಾನ್ಯ ಪ್ರೇಕ್ಷಕರು ಚಿತ್ರೀಕರಿಸುವಂತಿಲ್ಲ. ಹೇಗೋ ಉಳಿದ ವಿಡಿಯೊಗಳಲ್ಲಿ ಆ ವಾಸನೆಯಿಲ್ಲ, ಕುತ್ತಿಗೆಯ ಹಿಂದೆ ಸುಳಿದ ತಣ್ಣನೆಯ ಗಾಳಿಯಿಲ್ಲ. ವೇಷದಲ್ಲಿ ನಿಂತಿದ್ದಷ್ಟು ಹೊತ್ತು ನಟನಿಗೆ ತನ್ನ ಕಿರುಗಂಡಿಯ ಮುಂದಿನ ನಾಲ್ಕು ಅಡಿ ನೆಲ ಬಿಟ್ಟರೆ ಬೇರೇನೂ ಕಂಡಿರುವುದಿಲ್ಲ. ಓಣಿಯಲ್ಲಿ ನಡೆದ ಅಭಿಮಾನಿಗೆ ಪರದೆಯ ಆಚೆ ಏನಿತ್ತೆಂದು ತಿಳಿದಿರುವುದಿಲ್ಲ. ಇಬ್ಬರೂ ಭೇಟಿಯಾದಾಗ, ಮೂರನೆಯ ಕೋಣೆಯ ತಿರುವಿನಲ್ಲಿ ಇದ್ದವರು ನೀವೇನಾ ಎಂದು ಒಬ್ಬರು ಕೇಳುತ್ತಾರೆ. ಅಲ್ಲಿಂದ ಅದು ನಿಮಗೆ ಹೇಗೆ ಕಾಣುತ್ತಿತ್ತು ಎಂದು ಇನ್ನೊಬ್ಬರು ಕೇಳುತ್ತಾರೆ.

ನಮಸ್ಕಾರ.